ರೋಗಗಳ ತಳಿವಿಜ್ಞಾನದಲ್ಲಿ ಪಿಎಚ್.ಡಿ. ಮಾಡುವ ಆಸೆ: ಆಸಕ್ತಿ ಪತ್ರದಲ್ಲಿ ಮನೆಯ ವಿಷಯ ಬರೆಯಬಹುದೇ?

ತುಂಗಾತೀರ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ತೀರ್ಥಹಳ್ಳಿ ತಾಲ್ಲೂಕಿನವಳು. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಎಂ.ಎಸ್ಸಿ. ಮುಗಿಸಿ, ಒಂದು ವರ್ಷದಿಂದ ಶಿವಮೊಗ್ಗದಲ್ಲಿ ಪ್ರಾಜೆಕ್ಟ್ ಅಸಿಸ್ಟೆಂಟ್ ಆಗಿದ್ದೇನೆ. ಅಡಿಕೆ ತೋಟದ ಮಣ್ಣಿನಲ್ಲಿರುವ ಬ್ಯಾಕ್ಟೀರಿಯಾಗಳನ್ನು ಅವುಗಳ ಡಿಎನ್‌ಎ ಮೂಲಕ ಗುರುತಿಸುವ ಬಯೋಇನ್ಫರ್ಮ್ಯಾಟಿಕ್ಸ್ ಕೆಲಸ ನನ್ನದು. ಲಿನಕ್ಸ್ ಮತ್ತು ಪೈಥಾನ್ ಚೆನ್ನಾಗಿ ಬರುತ್ತವೆ, ಆರ್ ಎಂಬ ಪ್ರೋಗ್ರಾಮಿಂಗ್ ಭಾಷೆ ತಕ್ಕಮಟ್ಟಿಗೆ ಬರುತ್ತದೆ. ಸಂಖ್ಯಾಶಾಸ್ತ್ರದ ಎದುರು ಮಾತ್ರ ನನಗೆ ಧೈರ್ಯ ಸಾಲದು. ಈ ವರ್ಷ ಪಿಎಚ್.ಡಿ.ಗೆ ಅರ್ಜಿ ಹಾಕುವವಳಿದ್ದೇನೆ. ಮಣ್ಣಿನ ಕೆಲಸ ಬಿಟ್ಟು ಮನುಷ್ಯರ ರೋಗಗಳ ತಳಿವಿಜ್ಞಾನಕ್ಕೆ ಹೋಗಬೇಕೆಂಬುದು ನನ್ನ ಆಸೆ.

ಆ ಆಸೆ ಎಲ್ಲಿಂದ ಬಂತೆಂದು ಹೇಳದಿದ್ದರೆ ನನ್ನ ಪ್ರಶ್ನೆ ಅರ್ಥವಾಗುವುದಿಲ್ಲ. ನನ್ನ ಚಿಕ್ಕಮ್ಮ ಮದುವೆಯಾದದ್ದು ಸೋದರಮಾವನನ್ನು, ಅಂದರೆ ನಮ್ಮ ಅಜ್ಜಿಯ ಕೊನೆಯ ತಮ್ಮನನ್ನು. ಅವರ ಮಗನಿಗೆ ಹುಟ್ಟಿದಾಗಿನಿಂದ ಕಿವಿ ಕೇಳಿಸುವುದಿಲ್ಲ. ಮೂರು ವರ್ಷವಾದ ಮೇಲೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಕರೆದುಕೊಂಡು ಹೋದರು. ಬಸುರಿಯಾಗಿದ್ದಾಗ ಗ್ರಹಣದ ಹೊತ್ತಿನಲ್ಲಿ ಚಿಕ್ಕಮ್ಮ ಅಂಗಳಕ್ಕೆ ಇಳಿದಿದ್ದರಿಂದಲೇ ಹೀಗಾಯಿತೆಂದು ಯಾರೋ ಆಡಿದ ಮಾತು ಹನ್ನೆರಡು ವರ್ಷ ಅವರ ಮನಸ್ಸಿನಲ್ಲಿ ಕೂತಿತ್ತು. ಎರಡು ವರ್ಷದ ಹಿಂದೆ ಒಂದು ಕಡೆ ಅವನ ರಕ್ತದ ಜೀನ್ ಪರೀಕ್ಷೆ ಮಾಡಿಸಿದಾಗ ನಾಲ್ಕು ಪುಟದ ಇಂಗ್ಲಿಷ್ ವರದಿ ಬಂತು. ಕೊಟ್ಟವರು ಅದನ್ನು ವಿವರಿಸಲಿಲ್ಲ. ಅಡಿಕೆ ಕೊಯ್ಲಿನ ಕಾಲ. ಎಲ್ಲರೂ ಮೆಟ್ಟುಗತ್ತಿ ಹಿಡಿದು ಅಡಿಕೆ ಸುಲಿಯುತ್ತಾ ಕೂತಿದ್ದ ಒಂದು ಸಂಜೆ ಚಿಕ್ಕಮ್ಮ ಆ ವರದಿಯನ್ನು ತಂದು ನನ್ನ ಕೈಗೆ ಕೊಟ್ಟು, ‘ನೀನು ಇದನ್ನೇ ಓದುತ್ತಿದ್ದೀಯಲ್ಲ, ಏನಿದೆ ಹೇಳು’ ಎಂದರು.

ಅದರಲ್ಲಿ ಇದ್ದದ್ದು 13ನೇ ವರ್ಣತಂತುವಿನ ಜಿಜೆಬಿ2 ಎಂಬ ಜೀನು. ಅದರ 71ನೇ ಅಕ್ಷರ ‘ಜಿ’ ಇರಬೇಕಾದಲ್ಲಿ ‘ಎ’ ಆಗಿದೆ, ತಾಯಿ ತಂದೆ ಇಬ್ಬರಿಂದ ಬಂದ ಪ್ರತಿಗಳಲ್ಲೂ ಹಾಗೇ ಇದೆ ಎಂದು ಬರೆದಿತ್ತು. ಟಿಜಿಜಿ ಎಂಬ ಮೂರಕ್ಷರ ಟಿಎಜಿ ಆಗಿಬಿಟ್ಟರೆ, ಟ್ರಿಪ್ಟೊಫಾನ್ ಜೋಡಿಸಬೇಕಾದ ಜಾಗದಲ್ಲಿ ಪ್ರೋಟೀನಿನ ತಯಾರಿಕೆಯೇ ನಿಂತುಹೋಗುತ್ತದೆ. ಒಟ್ಟು 226 ಅಮೈನೋ ಆಮ್ಲಗಳಿರಬೇಕಾದ ಕನೆಕ್ಸಿನ್ 26 ಎಂಬ ಪ್ರೋಟೀನು 23ಕ್ಕೇ ಮುಗಿಯುತ್ತದೆ. ಒಳಕಿವಿಯ ಜೀವಕೋಶಗಳ ನಡುವೆ ಪೊಟ್ಯಾಸಿಯಂ ಓಡಾಡುವ ಸಣ್ಣ ಕಿಂಡಿಗಳು ಕಟ್ಟಲ್ಪಡುವುದು ಈ ಪ್ರೋಟೀನಿನಿಂದ. ಇದನ್ನೆಲ್ಲ ನನಗೆ ತಿಳಿದ ಮಟ್ಟಿಗೆ ಹೇಳಿ, ಗ್ರಹಣಕ್ಕೂ ಇದಕ್ಕೂ ಏನೂ ಸಂಬಂಧವಿಲ್ಲ ಚಿಕ್ಕಮ್ಮ ಎಂದೆ. ಅವರು ಎದ್ದು ಒಳಗೆ ಹೋದರು, ರಾತ್ರಿ ಊಟದ ತನಕ ಹೊರಗೆ ಬರಲಿಲ್ಲ.

ಆಮೇಲೆ ನಾನು ಅವನ ಪರೀಕ್ಷೆಯ ವಿಸಿಎಫ್ ಫೈಲನ್ನು, ಅಂದರೆ ಡಿಎನ್‌ಎಯ ಯಾವ ಜಾಗದಲ್ಲಿ ಯಾವ ಅಕ್ಷರ ಬದಲಾಗಿದೆ ಎಂಬ ಪಟ್ಟಿಯನ್ನು, ಕೇಳಿ ತರಿಸಿಕೊಂಡೆ. ಅದರಲ್ಲಿ 71ನೇ ಅಕ್ಷರ ಎಂದೇನೂ ಇರಲಿಲ್ಲ. 13ನೇ ವರ್ಣತಂತುವಿನ 20189511ನೇ ಸ್ಥಾನದಲ್ಲಿ ‘ಸಿ’ ಇದ್ದದ್ದು ‘ಟಿ’ ಆಗಿದೆ ಎಂದಿತ್ತು. ವರದಿಯಲ್ಲಿ ಜಿ ಹೋಗಿ ಎ, ಫೈಲಿನಲ್ಲಿ ಸಿ ಹೋಗಿ ಟಿ. ಯಾರದೋ ಮಗುವಿನ ಫೈಲನ್ನು ನಮಗೆ ಕಳಿಸಿದ್ದಾರೆಂದೇ ನಾನು ಎರಡು ದಿನ ನಂಬಿದ್ದೆ. ಮೂರನೆಯ ದಿನ ಬೆಳಿಗ್ಗೆ ಈ ಜೀನು ಡಿಎನ್‌ಎಯ ಎದುರು ಎಳೆಯಲ್ಲಿ ಇದೆ ಎಂಬುದು ಹೊಳೆಯಿತು. ಫೈಲು ಒಂದು ಎಳೆಯನ್ನು ಓದುತ್ತದೆ, ಜೀನು ಇನ್ನೊಂದು ಎಳೆಯಲ್ಲಿ ಹಿಂದುಮುಂದಾಗಿ ಓಡುತ್ತದೆ. ಜಿಯ ಎದುರಿಗೆ ಸಿ, ಎಯ ಎದುರಿಗೆ ಟಿ. ಎರಡೂ ಒಂದೇ ಮಾತು. ಈ ಕೆಲಸವನ್ನೇ ಮಾಡಬೇಕೆಂದು ನಾನು ನಿರ್ಧರಿಸಿದ್ದು ಅಂದು.

ಈಗ ನನ್ನ ಗೊಂದಲ. ಆಸಕ್ತಿ ಪತ್ರದಲ್ಲಿ ಈ ಮನೆಯ ಕಥೆಯನ್ನು ಬರೆದರೆ ಆಯ್ಕೆ ಮಾಡುವವರು ಇವಳು ಭಾವುಕಳು ಎಂದುಕೊಳ್ಳುವರೇ? ಜೊತೆಗೆ, ಗೊತ್ತಿರುವ ಜೀನಿನ ಮೇಲೆ ಮತ್ತೇನು ಸಂಶೋಧನೆ ಮಾಡುತ್ತೀಯ ಎಂದು ನಮ್ಮ ಮೇಷ್ಟ್ರು ಕೇಳಿದಾಗ ನನಗೆ ಉತ್ತರ ತೋಚಲಿಲ್ಲ. ನಮ್ಮ ಜಿಲ್ಲೆಯದೇ ಆದ ಹಂದಿಗೋಡು ಕಾಯಿಲೆಯನ್ನು ಹಿಡಿದುಕೋ, ಅರ್ಜಿಗೆ ತೂಕ ಬರುತ್ತದೆ ಎಂದು ಗೆಳತಿಯರು ಹೇಳುತ್ತಿದ್ದಾರೆ. ಅನುಭವವಿರುವವರು ದಯವಿಟ್ಟು ತಿಳಿಸಿ.

ಬೆಂಗಳೂರಿನ ಸಂಶೋಧಕ

ತುಂಗಾತೀರ ಅವರೇ, ನಾನು ಸುಮಾರು ಹದಿನೈದು ವರ್ಷದಿಂದ ಮಾನವ ತಳಿವಿಜ್ಞಾನದ ದತ್ತಾಂಶದೊಂದಿಗೆ ಕೆಲಸ ಮಾಡುತ್ತಿರುವವನು, ಪಿಎಚ್.ಡಿ. ಸಂದರ್ಶನದ ಸಮಿತಿಗಳಲ್ಲಿ ಹಲವು ಬಾರಿ ಕುಳಿತಿದ್ದೇನೆ. ‘ಬಾಲ್ಯದಿಂದಲೂ ನನಗೆ ಜೀವವಿಜ್ಞಾನದಲ್ಲಿ ಅಪಾರ ಆಸಕ್ತಿ’ ಎಂದು ಆರಂಭವಾಗುವ ಪತ್ರಗಳನ್ನು ಓದಿ ಓದಿ ಸಾಕಾದ ನನಗೆ ನಿಮ್ಮ ಆ ಎರಡು ದಿನಗಳ ಗೊಂದಲ ಬಹಳ ಬೆಲೆಯುಳ್ಳದ್ದಾಗಿ ಕಾಣುತ್ತಿದೆ. ಎಳೆ ಬದಲಾದದ್ದನ್ನು ತಾನಾಗಿ ಕಂಡುಕೊಂಡ ಅಭ್ಯರ್ಥಿಗೆ ಫೈಲಿನ ಹಿಂದೆ ಏನಿದೆ ಎಂದು ಕೇಳುವ ಸ್ವಭಾವವಿದೆ ಎಂದು ಸಮಿತಿಗೆ ತಾನಾಗಿ ಗೊತ್ತಾಗುತ್ತದೆ. ಅದನ್ನು ಖಂಡಿತ ಬರೆಯಿರಿ. ಗ್ರಹಣದ ಮಾತು ಒಂದು ವಾಕ್ಯದಲ್ಲಿ ಬಂದರೆ ಸಾಕು.

ನಿಮ್ಮ ಮೇಷ್ಟ್ರು ಕೇಳಿದ ಪ್ರಶ್ನೆ ಸರಿಯಾದ ಪ್ರಶ್ನೆ, ಮತ್ತು ಅದಕ್ಕೆ ಉತ್ತರವಿದೆ. ಹುಟ್ಟು ಕಿವುಡಿಗೆ ಕಾರಣವಾಗುವ ಜೀನುಗಳು ನೂರಕ್ಕೂ ಹೆಚ್ಚು ಗೊತ್ತಾಗಿವೆ. ಅವುಗಳಲ್ಲಿ ಜಿಜೆಬಿ2 ಬಹಳ ಕಡೆ ಮುಖ್ಯವಾದದ್ದು, ಆದರೆ ಅದರೊಳಗಿನ ರೂಪಾಂತರ, ಅಂದರೆ ಅಕ್ಷರಗಳ ಬದಲಾವಣೆ, ಊರಿಂದೂರಿಗೆ ಬೇರೆ. ಯೂರೋಪಿನಲ್ಲಿ ಹೆಚ್ಚಾಗಿ ಸಿಗುವುದು 35ನೇ ಜಾಗದಲ್ಲಿ ಒಂದು ‘ಜಿ’ ಬಿಟ್ಟುಹೋದದ್ದು. ಚೀನಾ, ಜಪಾನುಗಳ ಕಡೆ 235ನೇ ಜಾಗದಲ್ಲಿ ಒಂದು ‘ಸಿ’ ಬಿಟ್ಟುಹೋದದ್ದು. ಭಾರತದಲ್ಲಿ ಹೆಚ್ಚು ಕಾಣುವುದು ನಿಮ್ಮ ತಮ್ಮನಿಗಿರುವ ರೂಪಾಂತರವೇ. ಇದೇ ರೂಪಾಂತರ ಸ್ಲೊವಾಕಿಯಾದ ರೋಮಾ ಜನರಲ್ಲೂ ಸಿಕ್ಕಿದೆ. ರೋಮಾಗಳ ಪೂರ್ವಿಕರು ಶತಮಾನಗಳ ಹಿಂದೆ ಭಾರತದಿಂದ ಹೊರಟು ಹೋದವರು. ತೀರ್ಥಹಳ್ಳಿಯ ಒಂದು ಮನೆಯ ಹುಡುಗನಿಗೂ ಮಧ್ಯ ಯೂರೋಪಿನ ಒಂದು ಮಗುವಿಗೂ ಒಂದೇ ಅಕ್ಷರ ಬದಲಾಗಿದೆ ಎಂದರೆ, ಆ ಅಕ್ಷರದ ಅಕ್ಕಪಕ್ಕದ ಡಿಎನ್‌ಎಯನ್ನು ಹೋಲಿಸಿ ಅದು ಎಷ್ಟು ಹಳೆಯದು, ಯಾವ ದಾರಿಯಲ್ಲಿ ಹರಡಿತು ಎಂದು ಕೇಳಬಹುದು. ಇನ್ನೊಂದು ಕಡೆ, ಸಾಮಾನ್ಯವಾಗಿ ಎರಡೂ ಪ್ರತಿಗಳಲ್ಲಿ ದೋಷವಿದ್ದರೆ ಮಾತ್ರ ಕಿವಿ ಕೇಳಿಸುವುದಿಲ್ಲ, ಆದರೆ ಕೇವಲ ಒಂದು ಪ್ರತಿಯಲ್ಲಿ ಮಾತ್ರ ದೋಷ ಸಿಕ್ಕಿಯೂ ಕಿವಿ ಕೇಳದ ಮಕ್ಕಳಿದ್ದಾರೆ. ಜಿಜೆಬಿ2ನಲ್ಲಿ ಏನೂ ಸಿಗದ ಕುಟುಂಬಗಳು ಇನ್ನೂ ಹೆಚ್ಚು. ಜೀನು ಗೊತ್ತಿದೆ ಎಂದ ಮಾತ್ರಕ್ಕೆ ಕುಟುಂಬದ ಪ್ರಶ್ನೆ ಮುಗಿಯುವುದಿಲ್ಲ.

ನಮ್ಮ ದೇಶದ ದತ್ತಾಂಶವೇ ಏಕೆ ಬೇಕು ಎಂಬುದಕ್ಕೆ ಒಂದು ಉದಾಹರಣೆಯನ್ನು ನೀವು ಚೆನ್ನಾಗಿ ಓದಿಕೊಳ್ಳಬೇಕು. ಹೃದಯದ ಸ್ನಾಯುವಿಗೆ ಸಂಬಂಧಿಸಿದ ಎಂವೈಬಿಪಿಸಿ3 ಎಂಬ ಜೀನಿನಲ್ಲಿ 25 ಅಕ್ಷರಗಳು ಬಿಟ್ಟುಹೋಗಿರುವ ಒಂದು ರೂಪಾಂತರ ದಕ್ಷಿಣ ಏಷ್ಯಾದ ನೂರು ಜನರಲ್ಲಿ ಸುಮಾರು ನಾಲ್ವರಲ್ಲಿದೆ. ಉಳಿದ ಖಂಡಗಳಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. 2009ರಲ್ಲಿ ಪ್ರಕಟವಾದ ಅಧ್ಯಯನ ಅದನ್ನು ಹೃದಯಸ್ನಾಯುವಿನ ರೋಗದೊಂದಿಗೆ ಜೋಡಿಸಿತು. ಕೆಲವು ವರ್ಷಗಳ ನಂತರ, ಈ ಅಳಿಕೆ ಉಳ್ಳವರಲ್ಲಿ ಕೆಲವರಿಗೆ ಜೀನಿನ ಅದೇ ಪ್ರತಿಯಲ್ಲಿ ಇನ್ನೊಂದು ರೂಪಾಂತರವೂ ಇದೆ, ಹೃದಯದ ಬದಲಾವಣೆ ಎದ್ದು ಕಾಣುವುದು ಎರಡೂ ಸೇರಿದವರಲ್ಲಿ ಎಂಬುದು ಹೊರಬಂತು. ಕೋಟಿಗಟ್ಟಲೆ ಜನರ ಮೈಯಲ್ಲಿರುವ ಒಂದು ಬದಲಾವಣೆಯ ಅರ್ಥವನ್ನು ಹೀಗೆ ಮತ್ತೆ ತಿದ್ದಿಕೊಳ್ಳಬೇಕಾಯಿತು. ಪಾಶ್ಚಾತ್ಯರ ದತ್ತಾಂಶವನ್ನಷ್ಟೇ ನೋಡುತ್ತಿದ್ದರೆ ಇದು ಕಣ್ಣಿಗೇ ಬೀಳುತ್ತಿರಲಿಲ್ಲ. ಜೀನೋಮ್ ಇಂಡಿಯಾ ಯೋಜನೆ 2020ರಲ್ಲಿ ಆರಂಭವಾಗಿ ದೇಶದ ಬೇರೆ ಬೇರೆ ಸಮುದಾಯಗಳ 10,000 ಜನರ ಜೀನೋಮನ್ನು, ಅಂದರೆ ಇಡೀ ಡಿಎನ್‌ಎಯನ್ನು, ಓದಿತು. ಅದರ ದತ್ತಾಂಶ ಫರೀದಾಬಾದಿನ ಭಾರತೀಯ ಜೈವಿಕ ದತ್ತಾಂಶ ಕೇಂದ್ರದಲ್ಲಿದ್ದು, 2025ರ ಜನವರಿಯಿಂದ ಸಂಶೋಧಕರಿಗೆ ಅರ್ಜಿಯ ಮೂಲಕ ತೆರೆದಿದೆ. ನಿಮ್ಮ ತಲೆಮಾರಿಗೆ ಸಿಕ್ಕಿರುವ ಈ ಅನುಕೂಲ ನಮಗಿರಲಿಲ್ಲ.

ಸಂಖ್ಯಾಶಾಸ್ತ್ರದ ಹೆದರಿಕೆಯ ಬಗ್ಗೆ ಒಂದು ಲೆಕ್ಕ ಕೊಡುತ್ತೇನೆ. ನಿಮ್ಮ ತಮ್ಮನಿಗೆ ಕಿವಿ ಚೆನ್ನಾಗಿ ಕೇಳಿಸುವ ತಂಗಿಯೊಬ್ಬಳು ಇದ್ದಾಳೆ ಎಂದಿಟ್ಟುಕೊಳ್ಳಿ. ತಾಯಿ ತಂದೆ ಇಬ್ಬರೂ ವಾಹಕರು, ಅಂದರೆ ಒಂದು ಪ್ರತಿಯಲ್ಲಿ ಮಾತ್ರ ದೋಷವಿದ್ದು ಕಿವಿ ಕೇಳಿಸುವವರು. ಅಂಥವರ ಪ್ರತಿ ಮಗುವಿಗೂ ನಾಲ್ಕು ಸಾಧ್ಯತೆಗಳು: ಒಂದರಲ್ಲಿ ಎರಡೂ ಪ್ರತಿ ದೋಷವುಳ್ಳವು, ಎರಡರಲ್ಲಿ ಒಂದು ಪ್ರತಿ ಮಾತ್ರ, ಒಂದರಲ್ಲಿ ಯಾವುದೂ ಇಲ್ಲ. ಹಾಗಾದರೆ ಆ ತಂಗಿ ವಾಹಕಳಾಗಿರುವ ಸಂಭವ ಎಷ್ಟು? ಅರ್ಧ ಎಂದು ಹೆಚ್ಚಿನವರು ತಕ್ಷಣ ಹೇಳುತ್ತಾರೆ. ಆದರೆ ಅವಳಿಗೆ ಕಿವಿ ಕೇಳಿಸುತ್ತದೆ ಎಂಬುದು ನಮಗೆ ಈಗಾಗಲೇ ಗೊತ್ತು. ಆದ್ದರಿಂದ ಮೊದಲನೆಯ ಸಾಧ್ಯತೆ ಬಿದ್ದುಹೋಯಿತು. ಉಳಿದ ಮೂರರಲ್ಲಿ ಎರಡು, ಅಂದರೆ 2/3. ಗೊತ್ತಿರುವ ಸಂಗತಿಯನ್ನು ಲೆಕ್ಕದೊಳಗೆ ತಂದು ಸಂಭವವನ್ನು ತಿದ್ದಿಕೊಳ್ಳುವ ಈ ಕ್ರಮ ಕೈಗೆ ಹತ್ತಿದರೆ ಈ ಕ್ಷೇತ್ರದ ಸಂಖ್ಯಾಶಾಸ್ತ್ರದ ಬಹುಪಾಲು ದಾರಿ ಸುಗಮವಾಗುತ್ತದೆ. ನಿಮ್ಮ ವಂಶವೃಕ್ಷದಲ್ಲೇ ಮುಂದುವರಿಸಿ: ಮಾವ, ಸೊಸೆ ಇಬ್ಬರಲ್ಲೂ ಒಂದೇ ರೂಪಾಂತರವಿದೆ ಎಂದರೆ ಅದು ನಿಮ್ಮ ಅಜ್ಜಿಯ ಮೂಲಕ ಬಂದಿರುವುದೇ ಹೆಚ್ಚು ಸಂಭವ, ಹಾಗಿದ್ದರೆ ನಿಮ್ಮ ತಾಯಿಗೆ 1/2, ನಿಮಗೆ 1/4. ಸೋದರಮಾವನನ್ನು ಮದುವೆಯಾದವರ ಮಗುವಿನಲ್ಲಿ ಯಾವುದೇ ಜೀನಿನ ಎರಡು ಪ್ರತಿಗಳೂ ಒಂದೇ ಪೂರ್ವಿಕರಿಂದ ಬಂದಿರುವ ಸಂಭವ 1/8, ಅತ್ತೆ ಮಾವಂದಿರ ಮಕ್ಕಳು ಮದುವೆಯಾದಾಗ 1/16 ಏಕೆ ಎಂಬುದನ್ನು ಕಾಗದದ ಮೇಲೆ ಗೆರೆ ಎಳೆದು ನೀವೇ ಸಾಧಿಸಿ ನೋಡಿ. ಒಂದು ಸಂಜೆಯ ಕೆಲಸ.

ಸಾಗರದ ನಿವೃತ್ತ ಆರೋಗ್ಯ ಕಾರ್ಯಕರ್ತ

ತಂಗೀ, ನಿಮ್ಮ ಪ್ರಶ್ನೆಯಲ್ಲಿ ಹಂದಿಗೋಡು ಎಂಬ ಹೆಸರು ಬಂದದ್ದರಿಂದ ಬರೆಯುತ್ತಿದ್ದೇನೆ. ನನಗೆ ಕಂಪ್ಯೂಟರಿನ ಲೆಕ್ಕ ಗೊತ್ತಿಲ್ಲ. ಆದರೆ ನೌಕರಿಯ ಕಾಲದಲ್ಲಿ ಸಾಗರ ತಾಲ್ಲೂಕಿನ ಆ ಮನೆಗಳಿಗೆ ಬಹಳ ವರ್ಷ ನಡೆದಿದ್ದೇನೆ.

ಆ ಕಾಯಿಲೆ ವೈದ್ಯರ ಗಮನಕ್ಕೆ ಬಂದದ್ದು 1970ರ ದಶಕದ ನಡುವಿನಲ್ಲಿ, ಸಾಗರದ ಹತ್ತಿರದ ಹಂದಿಗೋಡಿನಲ್ಲಿ. ಮುಂದೆ ಚಿಕ್ಕಮಗಳೂರು ಜಿಲ್ಲೆಯಲ್ಲೂ ಕಂಡಿತು. ಸೊಂಟ, ಮಂಡಿಯ ಕೀಲುಗಳು ಸವೆದು ನೋವು ಶುರುವಾಗಿ, ನಡಿಗೆ ಬದಲಾಗಿ, ಕೊನೆಗೆ ಕೆಲವರು ಕೂತಲ್ಲೇ ಜರುಗಿಕೊಂಡು ಹೋಗುವ ಸ್ಥಿತಿಗೆ ಬರುತ್ತಾರೆ. ಕೆಲವರಿಗೆ ಬೆನ್ನುಮೂಳೆ ಚಪ್ಪಟೆಯಾಗಿ ಎತ್ತರ ಬೆಳೆಯುವುದೇ ಇಲ್ಲ. ಕೂಲಿ ಮಾಡಿ ಉಣ್ಣುವ ದಲಿತ ಕುಟುಂಬಗಳಲ್ಲೇ ಇದು ಹೆಚ್ಚು ಕಂಡದ್ದರಿಂದ, ಅವರ ಊಟದ ಮೇಲೆ ಮೊದಲು ಅನುಮಾನ ಬಂತು. ಗದ್ದೆಗೆ ಹೊಡೆದ ಕೀಟನಾಶಕ, ಆ ಗದ್ದೆಯ ಏಡಿ, ಏಡಿ ತಿಂದವರಿಗೆ ಕಾಯಿಲೆ ಎಂಬ ವಿವರಣೆ ಊರೂರಿಗೆ ಹಬ್ಬಿತು. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕ ಸಂಸ್ಥೆಯವರು ಬಂದು ಅಧ್ಯಯನ ಮಾಡಿದರು, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮುಂದುವರಿಸಿತು. ವಂಶವೃಕ್ಷ ಬರೆದು ಎಕ್ಸ್‌ರೇ ತೆಗೆದು ನೋಡಿದ ಮೇಲೆ, ತಲೆಮಾರು ಬಿಡದೆ ತಾಯಿ ಅಥವಾ ತಂದೆ ಒಬ್ಬರಿಂದಲೇ ಮಕ್ಕಳಿಗೆ ಬರುವ ಮೂಳೆಬೆಳವಣಿಗೆಯ ದೋಷ ಇದು ಎಂಬ ತೀರ್ಮಾನಕ್ಕೆ ಬಂದರು. ನಿಮ್ಮ ಚಿಕ್ಕಮ್ಮನಿಗೆ ಗ್ರಹಣದ ಮಾತು ಅಂಟಿದಂತೆ ಆ ಮನೆಯ ಹೆಂಗಸರಿಗೆ ಏಡಿಯ ಮಾತು ಅಂಟಿತ್ತು. ಬಡತನಕ್ಕೆ ಗದ್ದೆಯಲ್ಲಿ ಹಿಡಿದು ತಂದು ಬೇಯಿಸಿ ಹಾಕಿದ್ದೇ ಮಗನ ಕಾಲು ಹೋಗಲು ಕಾರಣವೇನೋ ಎಂದು ಒಬ್ಬಾಕೆ ನನ್ನನ್ನು ಕೇಳಿದ್ದು ನನಗೆ ಇಂದಿಗೂ ನೆನಪಿದೆ.

ಆ ಜನ ರಕ್ತ ಕೊಟ್ಟು ಕೊಟ್ಟು ಬೇಸತ್ತಿದ್ದಾರೆ. ಜೀಪು ಬರುತ್ತದೆ, ರಕ್ತ ತೆಗೆಯುತ್ತಾರೆ, ಫೋಟೋ ಹಿಡಿಯುತ್ತಾರೆ, ಹೋಗುತ್ತಾರೆ. ಬಂದವರ ಹೆಸರಿನ ಮುಂದೆ ಡಾಕ್ಟರೇಟು ಸೇರಿತು, ಇವರಿಗೆ ಏನು ಸಿಕ್ಕಿತು ಎಂದು ಹೇಳಲು ಯಾರೂ ಮರಳಿ ಬರಲಿಲ್ಲ. ನೀವು ಅರ್ಜಿಗೆ ತೂಕ ಬರಲೆಂದು ಮಾತ್ರ ಆ ಹೆಸರನ್ನು ಬರೆಯುವುದಾದರೆ ಬರೆಯಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಬರೆಯುವುದೇ ಆದರೆ, ಕೊನೆಗೆ ತಿಳಿದದ್ದನ್ನು ಅವರ ಜಗಲಿಯಲ್ಲಿ ಕೂತು ಕನ್ನಡದಲ್ಲಿ ಹೇಳಿ ಬರುವ ಖರ್ಚು ಮತ್ತು ಸಮಯವನ್ನೂ ಯೋಜನೆಯೊಳಗೆ ಸೇರಿಸಿ.

ವಂಶವೃಕ್ಷ ಬರೆಯುವುದರ ಬಗ್ಗೆಯೂ ಎರಡು ಮಾತು, ಏಕೆಂದರೆ ಹೊರಗಿನಿಂದ ಬಂದವರು ತಪ್ಪುತ್ತಿದ್ದದ್ದು ಅಲ್ಲೇ. ಅವರ ಫಾರಂನಲ್ಲಿ ಅಂಕಲ್ ಎಂದು ಒಂದೇ ಮನೆ ಇರುತ್ತಿತ್ತು. ನಮ್ಮಲ್ಲಿ ದೊಡ್ಡಪ್ಪ, ಚಿಕ್ಕಪ್ಪ, ಸೋದರಮಾವ ಎಲ್ಲರೂ ಬೇರೆ ಬೇರೆ, ಯಾರು ಯಾವ ಕಡೆಯ ರಕ್ತ ಎಂಬುದು ಆ ಹೆಸರಿನಲ್ಲೇ ಇದೆ. ಕನ್ನಡದಲ್ಲೇ ಬರೆದುಕೊಂಡರೆ ಅರ್ಧ ಕೆಲಸ ಆದಂತೆ. ಆದರೆ ‘ಅತ್ತೆ’ ಎಂಬಲ್ಲಿ ಎಚ್ಚರವಿರಲಿ. ಅಪ್ಪನ ತಂಗಿಯೂ ಅತ್ತೆ, ಮಾವನ ಹೆಂಡತಿಯೂ ಅತ್ತೆ, ಗಂಡನ ತಾಯಿಯೂ ಅತ್ತೆ; ಸಂಬಂಧದಲ್ಲೇ ಮದುವೆಯಾದ ಮನೆಯಲ್ಲಿ ಇವರಲ್ಲಿ ಇಬ್ಬರು ಒಬ್ಬರೇ ಆಗಿರುತ್ತಾರೆ. ‘ಅವರು ನಿಮಗೆ ಹುಟ್ಟಿನಿಂದ ಏನಾಗಬೇಕು, ಮದುವೆಯಿಂದ ಏನಾಗಬೇಕು’ ಎಂದು ಎರಡು ಸಲ ಕೇಳಬೇಕು. ಗಂಡಸರನ್ನು ಕೇಳಿದರೆ ಬದುಕಿರುವವರ ಲೆಕ್ಕ ಸಿಗುತ್ತದೆ. ಹುಟ್ಟಿ ತಿಂಗಳೊಳಗೆ ಹೋದ ಕೂಸುಗಳು, ಸಾಕಿಕೊಂಡ ಮಕ್ಕಳು ಇವೆಲ್ಲ ತಿಳಿಯುವುದು ಮನೆಯ ಹಿರಿಯ ಹೆಂಗಸಿನಿಂದ, ಅದೂ ಉಳಿದವರು ಎದ್ದುಹೋದ ಮೇಲೆ.

ಪರೀಕ್ಷಾ ಪ್ರಯೋಗಾಲಯದವಳು

ನಾನು ಜೀನ್ ಪರೀಕ್ಷೆಯ ಪ್ರಯೋಗಾಲಯವೊಂದರಲ್ಲಿ ರೂಪಾಂತರಗಳನ್ನು ಓದಿ ವರದಿ ಬರೆಯುವವಳು. ಬೆಂಗಳೂರಿನ ಸಂಶೋಧಕರ ಒಂದು ಸಲಹೆಯನ್ನು ನಾನು ಒಪ್ಪುವುದಿಲ್ಲ. ನಿಮ್ಮ ತಾಲ್ಲೂಕು, ಚಿಕ್ಕಮ್ಮನ ಮದುವೆ, ಮಗನಿಗಿರುವ ರೂಪಾಂತರ, ಇಷ್ಟನ್ನು ನಿಮ್ಮ ಹೆಸರಿರುವ ಅರ್ಜಿಯಲ್ಲಿ ಬರೆದರೆ ಆ ಹುಡುಗ ಯಾರೆಂದು ಗುರುತಿಸುವುದು ಯಾರಿಗೂ ಕಷ್ಟವಲ್ಲ. ಅವನಿಗೆ ಈಗ ಹದಿನಾಲ್ಕು ಇರಬೇಕು. ಅವನ ತಾಯಿ ತಂದೆಯ ಒಪ್ಪಿಗೆ ಕೇಳಿದ್ದೀರಾ? ಅವನನ್ನು ಕೇಳಿದ್ದೀರಾ? ತಂಗಿಯೊಬ್ಬಳು ಇದ್ದರೆ, ಅವಳು ವಾಹಕಳಿರಬಹುದು ಎಂಬ ಮಾತು ನಾಳೆ ಅವಳ ಮದುವೆಯ ಮಾತುಕತೆಯಲ್ಲಿ ಹೇಗೆ ಬಳಕೆಯಾಗಬಹುದೆಂದು ಯೋಚಿಸಿದ್ದೀರಾ? ಸಂಶೋಧನೆಗೆ ಬರುವ ಅಪರಿಚಿತರಿಂದ ನಾವು ಸಹಿ ಹಾಕಿಸಿಕೊಳ್ಳುತ್ತೇವೆ. ಮನೆಯವರೆಂಬ ಸಲಿಗೆಯಿಂದ ಅದನ್ನು ಬಿಡಬಾರದು.

ಇನ್ನು ಕೆಲಸದ ವಿಷಯ. ನಿಮ್ಮ ತಮ್ಮನ ವರದಿ ಸ್ಪಷ್ಟವಾಗಿತ್ತು, ಅದು ನಿಮ್ಮ ಅದೃಷ್ಟ. ನಾವು ರೂಪಾಂತರಗಳನ್ನು ಐದು ದರ್ಜೆಗಳಲ್ಲಿ ಇಡುತ್ತೇವೆ: ಒಂದು ತುದಿಯಲ್ಲಿ ರೋಗಕಾರಕ, ಇನ್ನೊಂದು ತುದಿಯಲ್ಲಿ ನಿರಪಾಯ, ನಡುವೆ ‘ಅರ್ಥ ಖಚಿತವಾಗದ’ ದರ್ಜೆ. ನನ್ನ ಮೇಜಿನ ಮೇಲೆ ಹೆಚ್ಚು ಹೊತ್ತು ಕೂರುವುದು ಈ ನಡುವಿನವೇ. ಮಗುವಿನ ತಾಯಿಗೆ ‘ಒಂದು ಬದಲಾವಣೆ ಸಿಕ್ಕಿದೆ, ಅದೇ ಕಾರಣವೋ ಅಲ್ಲವೋ ಹೇಳಲಾರೆವು’ ಎಂದು ಬರೆಯುವಾಗ ಪ್ರತಿ ಸಲವೂ ನೋವಾಗುತ್ತದೆ. ನಮ್ಮ ಜನರಲ್ಲಿ ಆ ಬದಲಾವಣೆ ಎಷ್ಟು ಮಂದಿ ಆರೋಗ್ಯವಂತರಲ್ಲಿದೆ ಎಂದು ಗೊತ್ತಾದರೆ ಎಷ್ಟೋ ವರದಿಗಳು ಒಂದು ಕಡೆಗೆ ಇತ್ಯರ್ಥವಾಗುತ್ತವೆ. ನಿಮ್ಮ ಮೇಷ್ಟ್ರಿಗೆ ಇದನ್ನೂ ಹೇಳಿ.

ರಾಷ್ಟ್ರೀಯ ಅರ್ಹತಾ ಪರೀಕ್ಷೆಯಾದ ನೆಟ್‌ನಲ್ಲಿ ಜೆಆರ್‌ಎಫ್, ಅಂದರೆ ಕಿರಿಯ ಸಂಶೋಧಕರ ಫೆಲೋಶಿಪ್, ಬಂದರೆ ತಿಂಗಳಿಗೆ 37,000 ರೂಪಾಯಿ ಮತ್ತು ಮನೆ ಬಾಡಿಗೆ ಭತ್ಯೆ ಸಿಗುತ್ತದೆ. ಮಾರ್ಗದರ್ಶಕರನ್ನು ನೀವೇ ಆರಿಸಿಕೊಳ್ಳುವ ಸ್ವಾತಂತ್ರ್ಯವೂ ಅದರಿಂದ ಬರುತ್ತದೆ. ಅಲ್ಲಿಯವರೆಗೆ 1000 ಜೀನೋಮ್ ಯೋಜನೆಯ ಸಾರ್ವಜನಿಕ ದತ್ತಾಂಶದಲ್ಲಿ 13ನೇ ವರ್ಣತಂತುವಿನ ಫೈಲನ್ನು ಮಾತ್ರ ಇಳಿಸಿಕೊಂಡು ಅಭ್ಯಾಸ ಮಾಡಿ. ಒಬ್ಬರ ಪೂರ್ತಿ ಜೀನೋಮಿನ ಕಚ್ಚಾ ದತ್ತಾಂಶ ನೂರು ಜಿಬಿಯ ಆಸುಪಾಸು ಇರುತ್ತದೆ. ಮಳೆಗಾಲದಲ್ಲಿ ಕರೆಂಟು ಹೋಗಿಬರುವ ಊರಿನಲ್ಲಿ ಅದಕ್ಕೆ ಕೈ ಹಾಕಬೇಡಿ. ಸ್ಥಾನದ ಸಂಖ್ಯೆ ಬರೆಯುವಾಗ ಯಾವ ಆವೃತ್ತಿಯ ಮೂಲಪ್ರತಿ (ಹೋಲಿಸಲು ಇಟ್ಟುಕೊಳ್ಳುವ ಮಾದರಿ ಮಾನವ ಜೀನೋಮು) ಎಂಬುದನ್ನು ತಪ್ಪದೆ ಬರೆಯಿರಿ. ನೀವು ಕೊಟ್ಟ 20189511 ಜಿಆರ್‌ಸಿಎಚ್38ರದ್ದು. ಹಳೆಯ 37ರಲ್ಲಿ ಅದೇ ಅಕ್ಷರ 20763650ರಲ್ಲಿದೆ. ಇದನ್ನು ಬರೆಯದೆ ಬಿಟ್ಟ ಪತ್ರವನ್ನು ಬಲ್ಲವರು ಅಲ್ಲೇ ನಿಲ್ಲಿಸಿ ನೋಡುತ್ತಾರೆ.

ತುಂಗಾತೀರ

ಮೂವರಿಗೂ ಹೃತ್ಪೂರ್ವಕ ವಂದನೆಗಳು. ಒಪ್ಪಿಗೆಯ ಮಾತನ್ನು ಓದಿ ನನಗೆ ನಿಜಕ್ಕೂ ನಾಚಿಕೆಯಾಯಿತು. ನಾನು ಯಾರನ್ನೂ ಕೇಳಿರಲಿಲ್ಲ. ಮೇಲಿನ ನನ್ನ ಪ್ರಶ್ನೆಯಲ್ಲೂ ಬರೆದುಬಿಟ್ಟಿದ್ದೆನಲ್ಲ ಎಂದು ಹೆದರಿಕೆಯಾಗಿ ಭಾನುವಾರ ಊರಿಗೆ ಹೋಗಿ, ಇಡೀ ಪ್ರಶ್ನೆಯನ್ನು ಚಿಕ್ಕಮ್ಮನಿಗೂ ಮಾವನಿಗೂ ಓದಿ ಹೇಳಿದೆ. ತಮ್ಮ ಓದಿಕೊಂಡು, ಇಲ್ಲಿ ಹೆಸರಿಲ್ಲದೆ ಇರುವುದರಿಂದ ಇರಲಿ, ಅರ್ಜಿಯಲ್ಲಿ ತನ್ನ ವಿಷಯ ಬೇಡ ಎಂದು ಬರೆದು ತೋರಿಸಿದ. ಅವನ ಮಾತಿನಂತೆಯೇ ಮಾಡುತ್ತೇನೆ. ಅವನಿಗೆ ನಿಜವಾಗಿಯೂ ಒಬ್ಬಳು ತಂಗಿಯಿದ್ದಾಳೆ. 2/3ರ ಲೆಕ್ಕ ನನ್ನ ನಾಲಿಗೆಯ ತುದಿಯಲ್ಲಿತ್ತು. ಆದರೆ ಅದನ್ನು ನಾನು ಹೇಳುವುದಕ್ಕಿಂತ ತಳಿ ಸಮಾಲೋಚನೆ ಮಾಡುವ ವೈದ್ಯರ ಎದುರು ಕೂತು ಕೇಳುವುದು ಒಳ್ಳೆಯದೆಂದು ಅನಿಸಿತು. ಬೆಂಗಳೂರಿನಲ್ಲಿ ಮುಂದಿನ ತಿಂಗಳಿಗೆ ಸಮಯ ತೆಗೆದುಕೊಂಡಿದ್ದೇವೆ, ನಾನೂ ಜೊತೆಗೆ ಹೋಗುತ್ತೇನೆ.

ಹಂದಿಗೋಡಿನ ಹೆಸರನ್ನು ಈ ಅರ್ಜಿಯಿಂದ ತೆಗೆದಿದ್ದೇನೆ. ಹಿರಿಯರು ಹೇಳಿದ ರೀತಿಯಲ್ಲಿ ಮಾಡುವ ಶಕ್ತಿ ಈಗ ನನಗಿಲ್ಲ.

ಸಾಗರದ ಹಿರಿಯರು ಹೇಳಿದಂತೆ ಅಜ್ಜಿಯ ಹತ್ತಿರ ಕೂತು ವಂಶವೃಕ್ಷವನ್ನೂ ಬರೆದೆ. ಗಂಡಿಗೆ ಚೌಕ, ಹೆಣ್ಣಿಗೆ ವೃತ್ತ. ಎರಡು ತಾಸಿನಲ್ಲಿ ಕ್ಯಾಲೆಂಡರಿನ ಹಿಂಬದಿ ತುಂಬಿಹೋಯಿತು. ಅಜ್ಜಿಯ ಚಿಕ್ಕಪ್ಪನ ಮಗಳೊಬ್ಬಳು ‘ಮೂಕಿ’ ಆಗಿದ್ದಳೆಂದೂ ಅವಳನ್ನು ಕೊಪ್ಪದ ಕಡೆ ಕೊಟ್ಟಿದ್ದರೆಂದೂ ನನ್ನ ತಾಯಿಗೇ ಗೊತ್ತಿರಲಿಲ್ಲ.

ಪತ್ರದ ಮುಖ್ಯ ಭಾಗವನ್ನು ಹೀಗೆ ತಿದ್ದಿದ್ದೇನೆ, ದಯವಿಟ್ಟು ನೋಡಿ:

‘ಮಣ್ಣಿನ ಬ್ಯಾಕ್ಟೀರಿಯಾಗಳ ದತ್ತಾಂಶದಲ್ಲಿ ಒಂದು ವರ್ಷ ಕೆಲಸ ಮಾಡಿರುವ ನಾನು ಹುಟ್ಟು ಕಿವುಡಿನ ತಳಿವಿಜ್ಞಾನವನ್ನು ಅಧ್ಯಯನ ಮಾಡಿ ಅದನ್ನು ಗುಣಪಡಿಸುವ ದಾರಿ ಹುಡುಕಲು ಬಯಸುತ್ತೇನೆ. ಜಿಜೆಬಿ2 ಜೀನಿನ ಒಂದು ರೂಪಾಂತರವನ್ನು ವರದಿಯಲ್ಲಿ ಒಂದು ರೀತಿ, ವಿಸಿಎಫ್ ಫೈಲಿನಲ್ಲಿ ಇನ್ನೊಂದು ರೀತಿ ಕಂಡು, ಜೀನು ಎದುರು ಎಳೆಯಲ್ಲಿರುವುದೇ ಇದಕ್ಕೆ ಕಾರಣವೆಂದು ತಿಳಿದುಕೊಳ್ಳಲು ನನಗೆ ಎರಡು ದಿನ ಬೇಕಾಯಿತು. ದಕ್ಷಿಣ ಭಾರತದ ಕುಟುಂಬಗಳಲ್ಲಿ ಈ ಜೀನಿನ ಒಂದೇ ಪ್ರತಿಯಲ್ಲಿ ದೋಷವಿರುವ, ಆದರೂ ಕಿವಿ ಕೇಳದ ಮಕ್ಕಳಲ್ಲಿ ಎರಡನೆಯ ಕಾರಣ ಎಲ್ಲಿದೆ ಎಂಬುದು ನನ್ನ ಪ್ರಶ್ನೆ. ಸಂಬಂಧದೊಳಗಿನ ಮದುವೆಗಳಿರುವ ವಂಶವೃಕ್ಷಗಳನ್ನು ಕನ್ನಡದಲ್ಲೇ ಕೇಳಿ ಬರೆದುಕೊಳ್ಳಬಲ್ಲೆ. ಸಂಖ್ಯಾಶಾಸ್ತ್ರದಲ್ಲಿ ನನಗೆ ತರಬೇತಿ ಬೇಕು.’

ಬೆಂಗಳೂರಿನ ಸಂಶೋಧಕ

ಒಪ್ಪಿಗೆಯ ವಿಷಯದಲ್ಲಿ ಪ್ರಯೋಗಾಲಯದ ಸಹೋದ್ಯೋಗಿ ಹೇಳಿದ್ದೇ ಸರಿ, ನನ್ನ ಸಲಹೆಯಲ್ಲಿ ಅದು ಬಿಟ್ಟುಹೋದದ್ದು ತಪ್ಪು.

ಪತ್ರ ಚೆನ್ನಾಗಿದೆ. ಮೊದಲ ವಾಕ್ಯದಿಂದ ‘ಅದನ್ನು ಗುಣಪಡಿಸುವ ದಾರಿ’ ಎಂಬುದನ್ನು ತೆಗೆಯಿರಿ. ನೀವು ಮಾಡಹೊರಟಿರುವುದು ಕಾರಣ ಹುಡುಕುವ ಕೆಲಸ, ಪತ್ರದ ಉಳಿದ ಭಾಗವೂ ಅದನ್ನೇ ಹೇಳುತ್ತಿದೆ. ಕೊನೆಯ ವಾಕ್ಯವನ್ನು ಹಾಗೆಯೇ ಬಿಡಿ. ಅಜ್ಜಿ ಹೇಳಿದ ಕೊಪ್ಪದ ಆ ಅಜ್ಜಿಯ ಮನೆತನದಲ್ಲಿ ಈಗ ಯಾರಿದ್ದಾರೆಂದು ವಿಚಾರಿಸಿ, ಮುಂದಿನ ತಿಂಗಳು ಸಮಾಲೋಚನೆಗೆ ಹೋಗುವಾಗ ಆ ಕ್ಯಾಲೆಂಡರಿನ ಹಾಳೆಯನ್ನು ಜೊತೆಗೆ ಒಯ್ಯಿರಿ.